ಮಲಾವಿಯ ಹಳ್ಳಿಯಲ್ಲಿ ಮಿಷನ್ ಕೇಂದ್ರ ಕಟ್ಟಬೇಕಂತೆ, ಎಲ್ಲಿಂದ ಶುರು ಮಾಡಲಿ?

ಬಂದರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು, ಓದಿದ್ದು ಸಿವಿಲ್. ಎರಡು ವರ್ಷದಿಂದ ಮಲಾವಿಯ ಲಿಲಾಂಗ್ವೆಯಲ್ಲಿ ಕೆಲಸ. ಇಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಇಳಿದರೆ ಸಲೀಮಾ, ಅದರಾಚೆ ಮಲಾವಿ ಸರೋವರ. ಸಲೀಮಾದ ಹತ್ತಿರ ಮಣ್ಣುರಸ್ತೆಯಲ್ಲಿ ಒಳಗೆ ಹೋದರೆ ಒಂದು ಹಳ್ಳಿ ಸಿಗುತ್ತದೆ. ಅಲ್ಲಿನ ಸಣ್ಣ ಕ್ರೈಸ್ತ ಸಭೆಯವರು ಮಾವಿನ ಮರದ ಕೆಳಗೆ ಭಾನುವಾರದ ಪ್ರಾರ್ಥನೆ ಮಾಡುತ್ತಾರೆ. ಮಳೆ ಬಂದರೆ ಪ್ರಾರ್ಥನೆ ಅಲ್ಲಿಗೇ ಮುಗಿಯಿತು.

ಊರಿನ ನಮ್ಮ ಚರ್ಚಿನವರಿಗೆ ಆ ಮರದ ಫೋಟೋ ಕಳಿಸಿದ್ದೇ ತಪ್ಪಾಯಿತು ನೋಡಿ. "ನಾವೇ ಒಂದು ಮಿಷನ್ ಕೇಂದ್ರ ಕಟ್ಟಿಕೊಡೋಣ" ಅಂತ ಎಲ್ಲರಿಗೂ ಹುರುಪು. ಪ್ರಾರ್ಥನಾ ಹಾಲ್, ಎರಡು ಕ್ಲಾಸ್‌ರೂಮು, ಒಂದು ಕ್ಲಿನಿಕ್ಕು, ಊರಿಂದ ಬರುವ ತಂಡಗಳಿಗೆ ನಾಲ್ಕು ಕೋಣೆಯ ಗೆಸ್ಟ್‌ಹೌಸು. ಒಬ್ಬರು ಪ್ಲಾನ್ ಕೂಡ ಬರೆಸಿ ಕಳಿಸಿದ್ದಾರೆ. ಆರ್‌ಸಿಸಿ ಸ್ಲ್ಯಾಬು, ಗಾಜಿನ ಕಿಟಕಿ, ಮುಂದೆ ನಾಲ್ಕು ಕಂಬದ ಪೋರ್ಟಿಕೋ. ನಮ್ಮ ಹೈವೇ ಪಕ್ಕದ ಮದುವೆ ಹಾಲ್ ಇದ್ದ ಹಾಗಿದೆ.

ಯಾವುದರಿಂದ ಕಟ್ಟಬೇಕು, ಜಮೀನು ಯಾರ ಹೆಸರಿಗೆ, ಮೊದಲು ಯಾವ ಕಟ್ಟಡ, ನನಗೆ ಒಂದೂ ಗೊತ್ತಾಗುತ್ತಿಲ್ಲ. ಆಫ್ರಿಕಾದ ಹಳ್ಳಿಗಳಲ್ಲಿ ಕೆಲಸ ಮಾಡಿದವರು ಇದ್ದರೆ ಹೇಳಿ. ಬೈಯುವವರು ಬೈಯಲೂಬಹುದು.

ಕೆಂಪುಮಣ್ಣು

ಟಾಂಜಾನಿಯಾದಲ್ಲಿ ಹನ್ನೊಂದು ವರ್ಷ ಶಾಲೆ, ಗೋದಾಮು ಕಟ್ಟಿಸಿದವನು ನಾನು. ಈಗ ಶಿವಮೊಗ್ಗದಲ್ಲಿ ತೋಟ. ಮೊದಲು ಆ ಸ್ಲ್ಯಾಬನ್ನು ಪ್ಲಾನಿನಿಂದ ಹೊಡೆದುಹಾಕಿ.

ಮಲಾವಿಗೆ ಸಮುದ್ರ ಇಲ್ಲ. ಕಬ್ಬಿಣ ಬರುವುದು ಮೊಜಾಂಬಿಕ್‌ನ ಬೇರಾ, ನಕಾಲಾ ಬಂದರಿನಿಂದ, ಇಲ್ಲವೇ ದಾರ್ ಎಸ್ ಸಲಾಮ್‌ನಿಂದ. ಲಾರಿ ಬಾಡಿಗೆಯೇ ಅರ್ಧ ಜೀವ ತಿನ್ನುತ್ತದೆ. ಅಲ್ಲಿನ ಹಣ ಕ್ವಾಚಾ. 2022ರ ಮೇ ತಿಂಗಳಲ್ಲಿ ಅದರ ಬೆಲೆಯನ್ನು ಶೇಕಡಾ 25ರಷ್ಟು ಇಳಿಸಿದರು, 2023ರ ನವೆಂಬರಿನಲ್ಲಿ ಮತ್ತೆ ಶೇಕಡಾ 44. ಹಿಂದಿನ ತಿಂಗಳ ಎಸ್ಟಿಮೇಟು ಈ ತಿಂಗಳು ರದ್ದಿ ಕಾಗದ. ಕೈಗೆ ಹಣ ಬಂದ ಕೂಡಲೇ ತಗಡಿನ ಶೀಟು ತೆಗೆದು ಇಟ್ಟುಬಿಡಿ, ಅದು ಕೆಡುವುದಿಲ್ಲ. ಸಿಮೆಂಟು ಮಾತ್ರ ಬೇಕಾದಾಗ ಬೇಕಾದಷ್ಟೇ. ಮೂರು ತಿಂಗಳು ಇಟ್ಟರೆ ಚೀಲದೊಳಗೇ ಗಟ್ಟಿಯಾಗುತ್ತದೆ.

ಇನ್ನು ಗೋಡೆ. ನಿಮ್ಮ ಹಳ್ಳಿಯ ಸುತ್ತ ಆಳೆತ್ತರದ ಹುತ್ತಗಳಿವೆಯಾ? ನಮ್ಮಲ್ಲಿ ಹುತ್ತ ಕಂಡರೆ ಹಾಲೆರೆದು ಕೈಮುಗಿದು ಬರುತ್ತೇವೆ. ಅಲ್ಲಿ ಹುತ್ತ ಅಂದರೆ ಇಟ್ಟಿಗೆ ಭಟ್ಟಿ. ಗೆದ್ದಲು ಆಳದಿಂದ ಜೇಡಿ ಎತ್ತಿ ತಂದು ಕಟ್ಟಿರುತ್ತದೆ, ಅದಕ್ಕಿಂತ ಒಳ್ಳೆ ಮಣ್ಣು ಬೇಕಾ? ಮಣ್ಣು ಹೇಗಿದೆ ಅಂತ ನೋಡಲು ಲ್ಯಾಬ್ ಬೇಡ. ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಮರಳು, ಅದರ ಮೇಲೆ ನುಣ್ಣನೆ ಹೂಳು, ಮೇಲೆ ಜೇಡಿ, ಪದರ ಪದರವಾಗಿ ಕೂತಿರುತ್ತದೆ. ಜೇಡಿ ಅತಿಯಾದರೆ ಇಟ್ಟಿಗೆ ಬಿರುಕು ಬಿಡುತ್ತದೆ, ಮರಳು ಸೇರಿಸಿ.

ಸುಟ್ಟ ಇಟ್ಟಿಗೆಗೆ ಸೌದೆ ತುಂಬಾ ಬೇಕು. ಮಲಾವಿಯ ಕಾಡು ಅದಕ್ಕೇ ಬರಿದಾಗುತ್ತಿದೆ. ಸುಡದ ಬ್ಲಾಕೂ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಮಣ್ಣಿಗೆ ಶೇಕಡಾ 5ರಿಂದ 8ರಷ್ಟು ಸಿಮೆಂಟು, ಕೈಯಿಂದ ಒತ್ತುವ ಯಂತ್ರ, ಅಷ್ಟೇ. ಆದರೆ ಬ್ಲಾಕಿಗೆ ದಿನಾ ನೀರು ಹಾಕಿ ಹದ ಮಾಡಬೇಕು. ನೀರು ಎಲ್ಲಿಂದ ತರುತ್ತೀರಿ ಅನ್ನೋದು ಮೊದಲ ಪ್ರಶ್ನೆ.

ಇನ್ನೊಂದು ಮಾತು. ಅದು ಬಿರುಕು ಕಣಿವೆ, ಭೂಮಿ ಅಲುಗುವ ಜಾಗ. 1989ರ ಮಾರ್ಚಿನಲ್ಲಿ ಸಲೀಮಾದಲ್ಲೇ ಭೂಕಂಪ ಆಗಿತ್ತು, 2009ರ ಕೊನೆಯಲ್ಲಿ ಉತ್ತರದ ಕರೋಂಗಾದಲ್ಲಿ. ಬಿದ್ದಿದ್ದು ಹೆಚ್ಚಾಗಿ ಕಟ್ಟು ಇಲ್ಲದ ಇಟ್ಟಿಗೆ ಗೋಡೆಗಳು. ಆ ಪೋರ್ಟಿಕೋಗೆ ಹಾಕುವ ಕಬ್ಬಿಣವನ್ನು ಗೋಡೆಯ ತಲೆಗೆ ಸುತ್ತ ಒಂದು ಬೀಮು ಕಟ್ಟಲು ಬಳಸಿ. ಅಷ್ಟು ಮಾಡಿದರೆ ನಾನು ರಾತ್ರಿ ನಿದ್ದೆ ಮಾಡುತ್ತೇನೆ.

ಅನುಮಾನಿ

ಬೈಯಬಹುದು ಅಂದಿರಲ್ಲ, ಬೈಯುತ್ತೇನೆ. 2018ರ ಜನಗಣತಿ ನೋಡಿ. ಮಲಾವಿಯ ಮುಕ್ಕಾಲಿಗಿಂತ ಜಾಸ್ತಿ ಜನ ಈಗಾಗಲೇ ಕ್ರೈಸ್ತರು. ನೀವು ಯಾರಿಗೆ ಮಿಷನ್ ಮಾಡಲು ಹೊರಟಿರುವುದು? ಸಲೀಮಾ ಕಡೆ ಮುಸ್ಲಿಮರೂ ತುಂಬಾ ಇದ್ದಾರೆ. ಅವರ ಹೆಂಗಸರು ನಿಮ್ಮ ಕ್ಲಿನಿಕ್ಕಿಗೆ ಬಂದರೆ ಮೊದಲು ಪ್ರಾರ್ಥನೆ ಆಮೇಲೆ ಮಾತ್ರೆಯಾ?

ಬಿಳಿಯರು ಒಂದು ಕೈಯಲ್ಲಿ ಬೈಬಲು, ಇನ್ನೊಂದು ಕೈಯಲ್ಲಿ ಜಮೀನಿನ ನಕ್ಷೆ ಹಿಡಿದು ಬಂದರು. ಅವರು ಬಿಟ್ಟುಹೋದ ಚಪ್ಪಲಿಗೆ ನಾವು ಯಾಕೆ ಕಾಲು ತೂರಿಸಬೇಕು?

ಹಳೇ ಕಡತ

ಅನುಮಾನಿ ಅವರ ಪ್ರಶ್ನೆ ಸರಿಯಾಗೇ ಇದೆ. ಆದರೆ ಮಲಾವಿಯ ಚರಿತ್ರೆ ಅಷ್ಟು ನೇರ ಇಲ್ಲ. ನಾನು ಇತಿಹಾಸ ಪಾಠ ಮಾಡಿದವನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸ್ಕಾಟ್ಲೆಂಡಿನ ಮಿಷನ್ನಿನವರು 1875ರಲ್ಲಿ ಬಂದಾಗ 'ಇಲಾಲಾ' ಅನ್ನುವ ಸಣ್ಣ ಉಗಿಹಡಗನ್ನು ತುಂಡು ತುಂಡು ಮಾಡಿಸಿ ತಂದರು. ಶಿರೆ ನದಿಯ ಜಲಪಾತಗಳನ್ನು ದಾಟಿಸಲು ನೂರಾರು ಜನ ಸ್ಥಳೀಯರು ಆ ತುಂಡುಗಳನ್ನು ಹೊತ್ತರು. ಆಮೇಲೆ ಮತ್ತೆ ಜೋಡಿಸಿ ಸರೋವರಕ್ಕೆ ಇಳಿಸಿದ್ದು. ಮಿಷನ್ ಕಟ್ಟಲು ಆರಿಸಿಕೊಂಡ ಜಾಗ ಕೇಪ್ ಮ್ಯಾಕ್ಲಿಯರ್. ಯಾಕೆ? ಹಡಗು ನಿಲ್ಲಿಸಲು ಚೆಂದದ ಕೊಲ್ಲಿ ಅಂತ. ಹಡಗಿಗೆ ಒಳ್ಳೆಯದೇ, ಮನುಷ್ಯರಿಗೆ ಜ್ವರ. ಅಲ್ಲಿ ಈಗ ಉಳಿದಿರುವುದು ಮಿಷನರಿಗಳ ಸಮಾಧಿಗಳು. 1881ರಲ್ಲಿ ಸರೋವರದ ದಡದಲ್ಲೇ ಇರುವ ಬಂಡಾವೆಗೆ ಗಂಟುಮೂಟೆ ಕಟ್ಟಿದರು. ಅಲ್ಲೂ ಮಲೇರಿಯಾ ಬಿಡಲಿಲ್ಲ. 1894ರಲ್ಲಿ ರಾಬರ್ಟ್ ಲಾಸ್ ಅನ್ನುವ ಡಾಕ್ಟರು ಸರೋವರದಿಂದ ಎತ್ತರದ ಖೊಂಡೋವೆ ಗುಡ್ಡಕ್ಕೆ ಎಲ್ಲವನ್ನೂ ಹತ್ತಿಸಿದರು. ಅದೇ ಇವತ್ತಿನ ಲಿವಿಂಗ್‌ಸ್ಟೋನಿಯಾ. ಅಲ್ಲಿಗೆ ಹತ್ತುವ ರಸ್ತೆಯಲ್ಲಿ ಇಪ್ಪತ್ತು ತಿರುವುಗಳು, ನಮ್ಮ ಆಗುಂಬೆ ಘಾಟಿ ನೆನಪಾಗುವ ಹಾಗೆ. ಸರಿಯಾದ ಜಾಗ ಸಿಗಲು ಹತ್ತೊಂಬತ್ತು ವರ್ಷ, ಎಷ್ಟೋ ಸಾವು.

ಲಾಸ್ ಅಲ್ಲಿ ಬಡಗಿ ಕೆಲಸ, ಕಲ್ಲು ಕೆಲಸ, ಮುದ್ರಣ, ಟೆಲಿಗ್ರಾಫು ಎಲ್ಲ ಕಲಿಸಿದರು. ಐವತ್ತೆರಡು ವರ್ಷ ಇದ್ದು 1927ರಲ್ಲಿ ಊರಿಗೆ ಹೋದರು. ಆ ಸಂಸ್ಥೆಗೆ ಓವರ್‌ಟೌನ್ ಅಂತ ಹೆಸರು. ಹಣ ಕೊಟ್ಟ ಲಾರ್ಡ್ ಓವರ್‌ಟೌನ್ ರಾಸಾಯನಿಕ ಕಾರ್ಖಾನೆಯ ಯಜಮಾನ. 1899ರಲ್ಲಿ ಕಾರ್ಮಿಕ ನಾಯಕ ಕೀರ್ ಹಾರ್ಡಿ, ಆ ಕಾರ್ಖಾನೆಯ ಆಳುಗಳ ಪಾಡು ಏನು ಅಂತ ಬರೆದು ಮಾನ ಹರಾಜು ಹಾಕಿದರು. ಮಿಷನ್ನಿಗೆ ಬರುವ ಹಣ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆಗೂ ವಯಸ್ಸಾಗಿದೆ, ಅಲ್ವಾ?

ದಕ್ಷಿಣದ ಬ್ಲಾಂಟೈರ್‌ನಲ್ಲಿ ಇನ್ನೊಂದು ಕತೆ. ಸೇಂಟ್ ಮೈಕೆಲ್ ಚರ್ಚು, ಕಟ್ಟಿದ್ದು 1888ರಿಂದ 1891ರವರೆಗೆ. ಪಾದ್ರಿ ಡೇವಿಡ್ ಕ್ಲೆಮೆಂಟ್ ಸ್ಕಾಟ್ ವಾಸ್ತುಶಿಲ್ಪ ಓದಿದವರಲ್ಲ. ಇಟ್ಟಿಗೆ ಕೊಯ್ದು, ಸುಟ್ಟು, ಗೋಡೆ ಎಬ್ಬಿಸಿದ್ದು ಅಲ್ಲಿನ ಜನ. ಗುಮ್ಮಟ, ಗೋಪುರ, ಕಮಾನು ಎಲ್ಲ ಇಟ್ಟಿಗೆಯಲ್ಲೇ. ಇವತ್ತಿಗೂ ನಿಂತಿದೆ.

ಈಗ ಅನುಮಾನಿ ಅವರಿಗೆ. ಜಾನ್ ಚಿಲೆಂಬ್ವೆ ಹೆಸರು ಕೇಳಿದ್ದೀರಾ? ಮಲಾವಿಯ ನೋಟಿನ ಮೇಲೆ ಇರುವ ಮುಖ. ಅಮೆರಿಕದಲ್ಲಿ ಓದಿ 1900ರಲ್ಲಿ ವಾಪಸ್ ಬಂದು ಚಿರಾಡ್ಜುಲು ಕಡೆ ತನ್ನದೇ ಮಿಷನ್ ಕಟ್ಟಿದ ಕಪ್ಪು ಪಾದ್ರಿ. ಪಕ್ಕದಲ್ಲಿ ಬಿಳಿಯರ ದೊಡ್ಡ ಎಸ್ಟೇಟು. ಎಸ್ಟೇಟಿನ ಆಳುಗಳಿಗಾಗಿ ಚಿಲೆಂಬ್ವೆ ಕಟ್ಟಿಸಿದ ಹುಲ್ಲಿನ ಪ್ರಾರ್ಥನಾ ಮನೆಗಳನ್ನು ಮ್ಯಾನೇಜರ್ ಸುಡಿಸಿದ. ಚಿಲೆಂಬ್ವೆಯ ಜನ ತಮ್ಮ ಜಾಗದಲ್ಲಿ ದೊಡ್ಡ ಇಟ್ಟಿಗೆ ಚರ್ಚು ಕಟ್ಟಿ 1913ರಲ್ಲಿ ಮುಗಿಸಿದರು. 1915ರ ಜನವರಿಯಲ್ಲಿ ಅವರು ಬಂಡೆದ್ದರು. ಬಂಡಾಯ ಹತ್ತಿಕ್ಕಿದ ಸರ್ಕಾರ ಆ ಚರ್ಚಿಗೆ ಡೈನಮೈಟು ಇಟ್ಟು ಉರುಳಿಸಿತು. ಚಿಲೆಂಬ್ವೆಯನ್ನು ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದರು. ಬರೀ ಬಿಳಿಯರ ಚಪ್ಪಲಿ ಆಗಿದ್ದರೆ ಬಿಳಿಯರೇ ಯಾಕೆ ಚರ್ಚು ಒಡೆಯುತ್ತಿದ್ದರು?

ಅನುಮಾನಿ

ಚಿಲೆಂಬ್ವೆ ಕತೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ನೋಡಿ, ನಿಮ್ಮ ಕತೆ ನನ್ನ ಮಾತನ್ನೇ ಹೇಳುತ್ತಿದೆ. ಅವರದನ್ನು ಅವರೇ ಕಟ್ಟಿಕೊಂಡರು. ಮಂಗಳೂರಿನ ಪೋರ್ಟಿಕೋಗೆ ಅಲ್ಲಿ ಏನು ಕೆಲಸ?

ಹಳೇ ಕಡತ

ಪೋರ್ಟಿಕೋಗೆ ಕೆಲಸ ಇಲ್ಲ. ಮಂಗಳೂರಿಗೆ ಮಾತ್ರ ಹಳೇ ನೆಂಟಸ್ತಿಕೆ ಇದೆ, ಮಲಾವಿಯ ಜೊತೆ ಅಲ್ಲ, ಘಾನಾ ಜೊತೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತಲ್ಲ, ಅದಕ್ಕೂ ಮೊದಲು 1828ರಲ್ಲಿ ಗೋಲ್ಡ್ ಕೋಸ್ಟಿಗೆ, ಅಂದರೆ ಇವತ್ತಿನ ಘಾನಾಕ್ಕೆ, ನಾಲ್ವರನ್ನು ಕಳಿಸಿತ್ತು. ನಾಲ್ವರೂ ಮೂರು ವರ್ಷದೊಳಗೆ ತೀರಿಕೊಂಡರು. 1832ರಲ್ಲಿ ಮತ್ತೆ ಮೂವರು. ಇಬ್ಬರು ಬೇಗನೇ ಹೋದರು, ಅದರಲ್ಲಿ ಒಬ್ಬರು ಡಾಕ್ಟರು! ಉಳಿದ ಆಂದ್ರೆಯಾಸ್ ರೀಸ್‌ನನ್ನು ಜ್ವರದಿಂದ ಎಬ್ಬಿಸಿದ್ದು ಅಲ್ಲಿನ ನಾಟಿ ವೈದ್ಯರು. ಆತ 1835ರಲ್ಲಿ ಕರಾವಳಿ ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್‌ಗೆ ಹೋಗಿ ಸ್ವಂತ ಮನೆ ಕಟ್ಟಿಕೊಂಡ. ಜನ ಅವನಿಗೆ ಇಟ್ಟ ಹೆಸರು 'ಒಸಿಯಾದನ್', ಅಂದರೆ ಮನೆ ಕಟ್ಟುವವನು. ಉಪದೇಶಿ ಅಂತಲ್ಲ, ಗಮನಿಸಿ.

ಆದರೆ ಯಾರೂ ಅವನ ಧರ್ಮಕ್ಕೆ ಸೇರಲಿಲ್ಲ. "ಪುಸ್ತಕ ಬಿಳಿಯರಿಗೆ ಕೊಟ್ಟದ್ದು, ನಮ್ಮ ದೈವ ನಮಗೆ. ಪುಸ್ತಕ ಓದುವ ಕಪ್ಪು ಜನ ಇದ್ದರೆ ತೋರಿಸು" ಅನ್ನುವ ಅರ್ಥದ ಮಾತನ್ನು ಅಲ್ಲಿನ ಅರಸ ಆಡಿದ ಅಂತ ಹೇಳುತ್ತಾರೆ. ರೀಸ್ ಊರಿಗೆ ಹೋಗಿ, 1843ರಲ್ಲಿ ಜಮೈಕಾ ಕಡೆಯ ಕಪ್ಪು ಕ್ರೈಸ್ತ ಕುಟುಂಬಗಳನ್ನು ಕರೆದುಕೊಂಡು ಬಂದ. ಒಟ್ಟು ಇಪ್ಪತ್ತನಾಲ್ಕು ಜನ. ಅವರು ಮಾವಿನ ಸಸಿಯನ್ನೂ ತಂದರು, ಕಲ್ಲಿನ ಮನೆಗಳನ್ನೂ ಕಟ್ಟಿದರು. ಮಿಷನ್ ಬೇರು ಬಿಟ್ಟಿದ್ದು ಆಮೇಲೆ.

ಮುಂದೆ ಕ್ರಿಸ್ಟಾಲರ್ ಅಲ್ಲಿನ ಟ್ವಿ ಭಾಷೆಗೆ 1881ರಲ್ಲಿ ನಿಘಂಟು ಮಾಡಿದ. ಅದೇ ಮಿಷನ್ನಿನ ಕಿಟ್ಟೆಲ್ ನಮಗೆ 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೂ ಅವರೇ. ಮಂಗಳೂರು ಹೆಂಚು ಪೂರ್ವ ಆಫ್ರಿಕಾದ ಕರಾವಳಿಯವರೆಗೆ ಹೋಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನರು ಅಂತ ಎರಡೂ ಕಡೆ ಅವರನ್ನು ಹೊರಗೆ ಹಾಕಿದರು. ಅವರ ವ್ಯಾಪಾರ, ಕಾರ್ಖಾನೆಗಳು ಇಲ್ಲೂ ಅಲ್ಲೂ ಒಂದೇ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು.

ಕೆಂಪುಮಣ್ಣು

ಅಂತ ಮಂಗಳೂರು ಹೆಂಚು ತರಿಸಬೇಡಿ ಮಾರಾಯ್ರೇ. ಭಾರ, ಒಡೆಯುತ್ತದೆ, ಭೂಮಿ ಅಲುಗಿದರೆ ತಲೆ ಮೇಲೆ. ತಗಡೇ ಸರಿ.

ಕಾಪು ದೈವ

ನಾನು ಮಲಾವಿಯಲ್ಲಿ ಎರಡು ಸಲ ಓಡಾಡಿದ್ದೇನೆ. ಜಮೀನಿನ ವಿಷಯ ಯಾರೂ ಮುಟ್ಟಲಿಲ್ಲ, ಹೇಳುತ್ತೇನೆ.

ಸಲೀಮಾ ಸುತ್ತ ಚೆವಾ ಜನ ಜಾಸ್ತಿ. ಚೆವಾ ಅಂದರೆ ನಮ್ಮ ಅಳಿಯಕಟ್ಟು ಗೊತ್ತಲ್ಲ, ಹೆಚ್ಚುಕಡಿಮೆ ಅದೇ. ಮದುವೆಯಾದ ಗಂಡ ಹೆಂಡತಿಯ ಊರಿಗೆ ಬರುತ್ತಾನೆ. ಹೊಲ ತಾಯಿಯಿಂದ ಮಗಳಿಗೆ. ಅಕ್ಕತಂಗಿಯರ ಗುಂಪಿಗೆ ಅವರ ಅಣ್ಣ ಅಥವಾ ಮಾವ ಹಿರಿಯ. ಹೊರಗಿನವರು ಹೋಗಿ ಊರ ಮುಖ್ಯಸ್ಥ, ಅಂದರೆ 'ಮ್ಫುಮು' ಹತ್ತಿರ ಮಾತಾಡಿ ಜಮೀನು ಸಿಕ್ಕಿತು ಅಂತ ಕುಣಿಯುತ್ತಾರೆ. ಆ ಹೊಲ ಉಳುತ್ತಿದ್ದ ಅಜ್ಜಿಯನ್ನು ಯಾರೂ ಕೇಳಿರುವುದಿಲ್ಲ. ಹತ್ತು ವರ್ಷ ಆದಮೇಲೆ ಮೊಮ್ಮಕ್ಕಳು ಬೇಲಿ ಕೀಳುತ್ತಾರೆ. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಹೆಂಗಸರನ್ನು ಕೂರಿಸಿ ಒಪ್ಪಿಗೆ ಪಡೆಯಿರಿ. ಕಾಗದ ಅಲ್ಲಿನ ಸಭೆಯ ಹೆಸರಿನಲ್ಲೇ ಆಗಲಿ. ಮಂಗಳೂರಿನ ಯಾವ ಕಮಿಟಿಯ ಹೆಸರೂ ಬೇಡ.

ಇನ್ನೊಂದು. ಚೆವಾಗಳಲ್ಲಿ 'ಗುಲೆ ವಾಮ್ಕುಲು' ಅಂತ ಮುಖವಾಡದ ಕುಣಿತ ಇದೆ. ಸಾವು, ದೀಕ್ಷೆ ಅಂದರೆ ಕುಣಿಯುವವರು ಬಂದೇ ಬರುತ್ತಾರೆ. ಕುಣಿಯುವಾಗ ಅವರು ಮನುಷ್ಯರಲ್ಲ, ಹಿರಿಯರ ಆತ್ಮ. ನಮ್ಮ ಕೋಲ ನೋಡಿದವನಿಗೆ ಮೈ ಜುಮ್ ಅನ್ನುತ್ತದೆ. ಹಳೇ ಮಿಷನ್ನಿನವರು ಅದನ್ನು ಸೈತಾನನ ಕೆಲಸ ಅಂದರು, ಶಾಲೆಗೆ ಮಕ್ಕಳು ಬರುವ ವಿಷಯಕ್ಕೇ ಜಗಳಗಳಾದವು. ಆದರೆ ಸಲೀಮಾದಿಂದ ದಕ್ಷಿಣಕ್ಕೆ ಮುವಾ ಅಂತ ಇದೆ, 1902ರ ಕ್ಯಾಥೊಲಿಕ್ ಮಿಷನ್. ಅಲ್ಲಿ ಕ್ಲೋಡ್ ಬೂಶೆ ಅನ್ನುವ ಕೆನಡಾದ ಪಾದ್ರಿ 1976ರಲ್ಲಿ ಕುಂಗೋನಿ ಕೇಂದ್ರ ಶುರು ಮಾಡಿದರು. ಮರ ಕೆತ್ತುವವರಿಗೆ ಕೆಲಸ ಕೊಟ್ಟರು, ಮುಖವಾಡಗಳ ಮ್ಯೂಸಿಯಂ ಮಾಡಿದರು. ಚರ್ಚಿನ ಜಾಗದಲ್ಲೇ ಗೋಡೆ ತುಂಬ ಮುಖವಾಡ! ನಿಮಗೆ ಅರ್ಧ ದಿನದ ದಾರಿ. ಪ್ಲಾನ್ ಮಾಡುವ ಮೊದಲು ಅಲ್ಲಿಗೆ ಹೋಗಿ ಬನ್ನಿ.

ನರ್ಸಕ್ಕ

ಎಲ್ಲರೂ ಗೋಡೆ, ಚರಿತ್ರೆ ಅಂತ ಮಾತಾಡುತ್ತಿದ್ದೀರಿ. ನಾನು ಜಾಂಬಿಯಾದ ಒಂದು ಹಳ್ಳಿ ಕ್ಲಿನಿಕ್ಕಿನಲ್ಲಿ ಆರು ವರ್ಷ ಇದ್ದೆ. ಹೆಸರು ಹೇಳುವುದಿಲ್ಲ.

ಕಟ್ಟಡ ಚೆನ್ನಾಗಿತ್ತು. ಹೊರದೇಶದವರು ಕಟ್ಟಿಸಿದ್ದು. ಗೆಸ್ಟ್‌ಹೌಸಿಗೆ ಸೋಲಾರ್ ಪಂಪಿನಿಂದ ಬಿಸಿನೀರು ಬರುತ್ತಿತ್ತು. ಹೆರಿಗೆ ಕೋಣೆಗೆ ಬಕೆಟಿನಲ್ಲಿ ಹೊತ್ತು ತರಬೇಕಿತ್ತು. ಪೈಪು ಗೆಸ್ಟ್‌ಹೌಸಿನವರೆಗೆ ಮಾತ್ರ, ಯಾಕೆಂದರೆ ಹಣ ಕೊಟ್ಟವರು ಉಳಿಯುತ್ತಿದ್ದುದು ಅಲ್ಲಿ. ಮೂರನೇ ವರ್ಷ ಬ್ಯಾಟರಿ ಸತ್ತಿತು. ಹೊಸ ಬ್ಯಾಟರಿಗೆ ಯಾರೂ ಹಣ ಇಟ್ಟಿರಲಿಲ್ಲ. ಒಂದು ರಾತ್ರಿ ನಾನು ಫೋನಿನ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಗು ಹಿಡಿದಿದ್ದೇನೆ. ಮಗು ಬದುಕಿತು. ಹಲ್ಲಿನ ಗುರುತು ಆ ಫೋನಿನ ಕವರಿನ ಮೇಲೆ ಈಗಲೂ ಇದೆ.

ಅದಕ್ಕೇ ಕೇಳುತ್ತೇನೆ. ನಿಮ್ಮ ಪ್ಲಾನಿನಲ್ಲಿ ನರ್ಸಿಗೆ ಮನೆ ಎಲ್ಲಿದೆ? ಮನೆ ಇಲ್ಲದ ಕಡೆ ನರ್ಸು ನಿಲ್ಲುವುದಿಲ್ಲ. ನರ್ಸು ಇಲ್ಲದ ಕ್ಲಿನಿಕ್ಕಿನಲ್ಲಿ ಮೇಕೆ ಮಲಗುತ್ತದೆ. ಸಂಬಳ ಯಾರು ಕೊಡುತ್ತಾರೆ, ಔಷಧಿ ಎಲ್ಲಿಂದ? ಮಲಾವಿಯಲ್ಲಿ ಸರ್ಕಾರದ ಜೊತೆಗೆ ಚರ್ಚುಗಳ ಆಸ್ಪತ್ರೆಗಳ ಒಕ್ಕೂಟವೇ ಇದೆ. ಜಿಲ್ಲಾ ಆರೋಗ್ಯ ಕಚೇರಿಯನ್ನು ಕೇಳದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಹತ್ತಿರದಲ್ಲೇ ಸರ್ಕಾರಿ ಆರೋಗ್ಯ ಕೇಂದ್ರ ಇದ್ದರೆ ನಿಮ್ಮದು ಬೇಡವೇ ಬೇಡ.

ಅಲ್ಲಿಯ ಆಸ್ಪತ್ರೆಗಳಲ್ಲಿ ರೋಗಿಗೆ ಅಡುಗೆ ಮಾಡುವುದು, ಬಟ್ಟೆ ಒಗೆಯುವುದು ಎಲ್ಲ ಜೊತೆಗೆ ಬಂದ ನೆಂಟರು. ಅವರು ಮಲಗುವುದು ವರಾಂಡದಲ್ಲಿ, ಇಲ್ಲವೇ ಮರದ ಕೆಳಗೆ. ಅವರಿಗೆ ಒಂದು ಸೂರು, ನಾಲ್ಕು ಒಲೆ, ಎರಡು ಪಾಯಿಖಾನೆ ಕಟ್ಟಿಕೊಟ್ಟರೆ ನಿಮ್ಮ ಗೆಸ್ಟ್‌ಹೌಸಿಗಿಂತ ಹತ್ತು ಪಟ್ಟು ಉಪಯೋಗ.

ಅನುಮಾನಿ ಅವರ ಪ್ರಶ್ನೆಗೆ: ಮಾತ್ರೆ ಮೊದಲು. ನನ್ನ ಆರು ವರ್ಷದಲ್ಲಿ ನೋವು ತಿನ್ನುತ್ತಿರುವವಳ ಹತ್ತಿರ ಯಾವ ದೇವರು ಅಂತ ಕೇಳಲು ನನಗೆ ಪುರುಸೊತ್ತಾಗಲಿಲ್ಲ.

ಪಂಪು ರಿಪೇರಿ

ಹುಬ್ಬಳ್ಳಿ ಕಡೆಯವನು, ಬೋರ್‌ವೆಲ್ ಕೈಪಂಪಿನ ಕೆಲಸ ಮಾಡಿದವನು. ನೀರಿನ ಬಗ್ಗೆ ಒಂದೆರಡು ಮಾತು.

ನಮ್ಮ ಹಳ್ಳಿ ಹಳ್ಳಿಯಲ್ಲಿದ್ದ ಉದ್ದ ಹಿಡಿಯ ಕೈಪಂಪು ನೆನಪಿದೆಯಾ? ಅದೇ ಇಂಡಿಯಾ ಮಾರ್ಕ್ 2. ಅದರ ಹುಟ್ಟಿನಲ್ಲೂ ಮಿಷನ್ನಿನವರ ಕೈ ಇದೆ. ಮಹಾರಾಷ್ಟ್ರದ ಜಾಲ್ನಾ, ಸೋಲಾಪುರ ಕಡೆ ಮಿಷನ್ನಿನವರು ಗಟ್ಟಿ ಪಂಪು ಮಾಡುತ್ತಿದ್ದರು. 1970ರ ದಶಕದಲ್ಲಿ ಯುನಿಸೆಫ್ ಮತ್ತು ಸರ್ಕಾರ ಸೇರಿ ಸೋಲಾಪುರದ ಪಂಪನ್ನೇ ತಿದ್ದಿ ಇದನ್ನು ಮಾಡಿದರು. ಅದು ಆಫ್ರಿಕಾಕ್ಕೂ ಹೋಯಿತು. ಒಂದೇ ಕಷ್ಟ ಅಂದರೆ, ಕೆಟ್ಟರೆ ಪೈಪು ಪೂರ್ತಿ ಎತ್ತಬೇಕು. ನಾಲ್ಕೈದು ಗಂಡಾಳು, ಭಾರದ ಸಾಮಾನು ಬೇಕು.

ಅದಕ್ಕೇ 1980ರ ದಶಕದಲ್ಲಿ ಮಲಾವಿಯಲ್ಲೇ ಶುರುವಾದ ಪ್ರಯೋಗದಿಂದ ಆಫ್ರಿದೇವ್ ಅನ್ನುವ ಪಂಪು ಬಂತು. ಒಂದು ಸ್ಪ್ಯಾನರ್ ಇದ್ದರೆ ಊರಿನ ಹೆಂಗಸರೇ ಬಿಚ್ಚಿ ವಾಶರು ಬದಲಿಸುತ್ತಾರೆ. 45 ಮೀಟರ್ ಆಳದವರೆಗೆ ಪರವಾಗಿಲ್ಲ. ಅಲ್ಲಿ ಅದೇ ಹಾಕಿ. ನಮ್ಮೂರಿನಿಂದ ಸಬ್‌ಮರ್ಸಿಬಲ್ ಕಳಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ. ಪಂಪು ಚರ್ಚಿನ ಕಾಂಪೌಂಡಿನ ಒಳಗೆ ಬೇಡ, ಹೊರಗೆ ಇರಲಿ. ಗೇಟು ಹಾಕಿದ ನೀರು ಜಗಳದ ನೀರು.

ತಗಡಿನ ಮೇಲೆ ಬೀಳುವ ಮಳೆಯನ್ನೂ ಬಿಡಬೇಡಿ. ನೂರು ಚದರ ಮೀಟರ್ ಛಾವಣಿ, ವರ್ಷಕ್ಕೆ 1000 ಮಿಲಿಮೀಟರ್ ಮಳೆ ಅಂತಿಟ್ಟುಕೊಳ್ಳಿ. ಒಂದು ಲಕ್ಷ ಲೀಟರ್ ಆಯಿತು. ಸೋರಿದ್ದು ಬಿಟ್ಟರೂ ಸಾಕಷ್ಟು ಸಿಗುತ್ತದೆ. ಆದರೆ ಅಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ತೊಟ್ಟಿ ದೊಡ್ಡದು ಬೇಕು.

ಬಂದರು ಹುಡುಗ

ಐದು ವಾರ ಮೌನವಾಗಿದ್ದೆ, ಕ್ಷಮಿಸಿ. ಈಗ ಹೋಗಿ ಬಂದೆ. ಮುವಾ ನೋಡಿದೆ, ಆಮೇಲೆ ಹಳ್ಳಿಯಲ್ಲಿ ಮೂರು ದಿನ ಉಳಿದೆ.

ಮೊದಲ ದಿನ ಮಾವಿನ ಮರದ ಕೆಳಗೆ ಸಭೆ. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಚಾಪೆಯಲ್ಲಿ. ಗಂಡಸರು ದೊಡ್ಡ ಹಾಲ್ ಬೇಕು ಅಂದರು. ಹೆಂಗಸರು ಏನೂ ಹೇಳಲಿಲ್ಲ. ಮರುದಿನ ನಾನು ನೀರಿನ ಹತ್ತಿರ ಹೋಗಿ ನಿಂತೆ. ಅಲ್ಲಿ ಎಲ್ಲರಿಗೂ ಬಾಯಿ ಬಂತು. ಪಂಪು ಇರುವುದು ಪಕ್ಕದ ಹಳ್ಳಿಯಲ್ಲಿ, ಸಾಲು ಬೆಳಿಗ್ಗೆ ನಾಲ್ಕಕ್ಕೆ ಶುರು. ಸರ್ಕಾರಿ ಆರೋಗ್ಯ ಕೇಂದ್ರ ಸೈಕಲ್ಲಿನಲ್ಲಿ ಒಂದು ಗಂಟೆ. ಹೆರಿಗೆಗೆ ಹೋದವರ ಅಮ್ಮಂದಿರು ಅಲ್ಲಿನ ವರಾಂಡದಲ್ಲಿ ಮಲಗುತ್ತಾರೆ. ಒಬ್ಬರು ತೊಡೆ ತಟ್ಟಿ ನಗುತ್ತಾ ಹೇಳಿದರು, ಮಳೆಗಾಲದಲ್ಲಿ ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತೆ ಅಂತ. ನನಗೆ ನಗು ಬರಲಿಲ್ಲ.

ಈಗ ನನ್ನ ಪೆದ್ದುತನ ಕೇಳಿ. ನಾನು ಊರಿಗೆ ಕಳಿಸಿದ ಫೋಟೋದಲ್ಲಿ ಮಾವಿನ ಮರದ ಹಿಂದೆ ಹುಲ್ಲು ಹೊದಿಸಿದ ಒಂದು ದಿಬ್ಬ ಇತ್ತು. ಹುತ್ತ ಅಂದುಕೊಂಡಿದ್ದೆ. ಅದು ಇಟ್ಟಿಗೆ. ಎಂಟು ಸಾವಿರ! ಎರಡು ಬೇಸಿಗೆಯಲ್ಲಿ ಸಭೆಯವರೇ ಹುತ್ತದ ಮಣ್ಣು ಕಲಸಿ, ಕೊಯ್ದು, ಸುಟ್ಟು ಜೋಡಿಸಿಟ್ಟಿದ್ದಾರೆ. ನಾವು ಯಾರೂ ತಲೆ ಹಾಕುವ ಮೊದಲೇ ಅವರ ಚರ್ಚು ಶುರುವಾಗಿದೆ. ಬಾಕಿ ಇರುವುದು ತಗಡು, ಸಿಮೆಂಟು, ಬೀಮಿನ ಕಬ್ಬಿಣ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವು ಕೇಳಲಿಲ್ಲ" ಅಂದರು ಹಿರಿಯರು. ಸುಮ್ನೆ ಇದ್ದುಬಿಟ್ಟೆ.

ಊರಿನವರ ಜೊತೆ ಫೋನಿನಲ್ಲಿ ಎರಡು ಗಂಟೆ ಜಗಳ ಆಯಿತು. ಕ್ಲಿನಿಕ್ಕು ಹೋಯಿತು, ಗೆಸ್ಟ್‌ಹೌಸು ಹೋಯಿತು. ಪೋರ್ಟಿಕೋ ಇಲ್ಲದಿದ್ದರೆ ದಾನಿಗಳ ಹೆಸರಿನ ಕಲ್ಲು ಎಲ್ಲಿ ಹಾಕುವುದು ಅಂತ ಒಬ್ಬರಿಗೆ ಬೇಜಾರು. ಈಗ ಲೆಕ್ಕ ಹೀಗಿದೆ. ಮೊದಲು ಹಳ್ಳಿಯ ನಡುವೆ ಬೋರು ಮತ್ತು ಆಫ್ರಿದೇವ್. ಆಮೇಲೆ ಅವರ ಇಟ್ಟಿಗೆಯ ಮೇಲೆ ನಮ್ಮ ತಗಡು. ಗೋಡೆ ಸೊಂಟದೆತ್ತರ ಮಾತ್ರ, ಮೂಲೆಗಳಲ್ಲಿ ಕಂಬ, ತಲೆಗೆ ಬೀಮು. ಸೆಕೆಗೂ ಒಳ್ಳೆಯದು, ವಾರದ ದಿನ ಪುಟ್ಟ ಮಕ್ಕಳ ಶಾಲೆಗೂ ಆಗುತ್ತದೆ. ಹಣ ಉಳಿದರೆ ಆರೋಗ್ಯ ಕೇಂದ್ರದ ಅಂಗಳದಲ್ಲಿ ನೆಂಟರ ಸೂರು. ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಜಾಗಕ್ಕೆ ಒಬ್ಬ ಅಜ್ಜಿ ಮತ್ತು ಅವರ ಇಬ್ಬರು ತಂಗಿಯರು ಒಪ್ಪಿದ್ದಾರೆ, ಹೆಬ್ಬೆಟ್ಟು ಸಭೆಯ ಹೆಸರಿಗೇ.

ಅನುಮಾನಿ

ಹೆಸರಿನ ಕಲ್ಲನ್ನು ಪಂಪಿನ ಬುಡಕ್ಕೆ ಹಾಕಿ. ಬಟ್ಟೆ ಒಗೆಯಲು ಆಗುತ್ತದೆ. ನೆಂಟರ ಸೂರಿಗೆ ನನ್ನದೂ ಸ್ವಲ್ಪ ಇರಲಿ, ಖಾತೆ ವಿವರ ಖಾಸಗಿಯಾಗಿ ಕಳಿಸಿ. ಹಾಲಿಗೆ ಬೇಡ, ಸೂರಿಗೆ ಮಾತ್ರ.

ನರ್ಸಕ್ಕ

ಒಲೆ ಕಟ್ಟುವಾಗ ಹೊಗೆ ಹೋಗುವ ದಾರಿ ಬಿಡಿ. ಪಾಯಿಖಾನೆಗೆ ಒಳಗಿನಿಂದ ಚಿಲಕ.

ಕೆಂಪುಮಣ್ಣು

ಎಂಟು ಸಾವಿರ ಇಟ್ಟಿಗೆ ಮೇಲೆ ಬೀಮು ಕೂರಿಸುವ ಮೊದಲು ಒಂದು ಕೆಲಸ ಮಾಡಿ. ಎರಡು ಇಟ್ಟಿಗೆ ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದು ನೋಡಿ. ಶಬ್ದ ಹೇಗಿದೆ ಹೇಳಿ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಕರಗುತ್ತದಾ ಅಂತಲೂ ನೋಡಿ.

ಬಂದರು ಹುಡುಗ

ಅಲ್ಲಿನ ಹುಡುಗನಿಗೆ ಫೋನ್ ಮಾಡಿ ಮಾಡಿಸಿದೆ, ಶಬ್ದ ನನಗೂ ಕೇಳಿಸಿತು. ಭಟ್ಟಿಯ ನಡುವಿನವು ಠಣ್ ಅನ್ನುತ್ತವೆ. ಹೊರ ಅಂಚಿನವು ಥಪ್. ನೆನೆಹಾಕಿದಾಗ ಅಂಚಿನವುಗಳ ಮೂಲೆ ಕರಗಿತಂತೆ. ಸುಮಾರು ಸಾವಿರ ಇರಬಹುದು.

ಕೆಂಪುಮಣ್ಣು

ಅವನ್ನು ಗೋಡೆಗೆ ಹಾಕಬೇಡಿ. ಒಳಗಡೆ ಸೂರಿನ ಕೆಳಗೆ ಕೂರುವ ಕಟ್ಟೆ ಮಾಡಿ, ಮೇಲೆ ಸಗಣಿ ಮಣ್ಣಿನ ಗಾರೆ ಹೊಡೆಯಿರಿ. ಮೊದಲ ಸಾಲಿನ ಕಟ್ಟೆ ಆ ಮೂವರು ಅಜ್ಜಿಯರಿಗೆ.